ವಾಲುವ ದೋಣಿಯಲ್ಲಿ ಗಂಜಿ

ಸಂಪಾದಕರ ಫೋನು ಬಂದಾಗ ನಾನು ಶುಕ್ರವಾರದ ಪೂಜೆಗೆಂದು ದೀಪದ ಕಂಬಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ. ಎರಡೂ ಕೈಯಲ್ಲಿ ಹುಳಿ. ಮಗಳನ್ನು ಕರೆದು ಫೋನಿನ ಸ್ಪೀಕರ್ ಹಾಕಿಸಿದೆ.

"ಅಕ್ಕ, ಗಾಬರಿ ಆಗ್ಬೇಡಿ," ಅಂದರು. ಹಾಗೆ ಹೇಳಿದ ಮೇಲೆ ಗಾಬರಿ ಆಗದೆ ಇರುವವರು ಯಾರು? "ನಿಮ್ಮ ಪುಟ ನೋಡಿ ದೋಣಿಯಲ್ಲಿ ಅನ್ನ ಮಾಡ್ಲಿಕ್ಕೆ ಹೋಗಿ ಟೀಚರ್ ಕೈ ಸುಟ್ಕೊಂಡ್ರು ಮಾರಾಯ್ರೆ."

ಹುಣಸೆಹಣ್ಣು ಕೈಯಿಂದ ಜಾರಿ ಸಿಂಕಿಗೆ ಬಿತ್ತು.

ಹಿನ್ನೆಲೆ ಇಷ್ಟೇ. ನಮ್ಮ ಸಂಪಾದಕರು ಕಾಸರಗೋಡಿನವರು, ಹಡಗಿನಲ್ಲಿ ಎಂಜಿನಿಯರ್ ಆಗಿ ದುಡಿದು ಈಗ ಫೋರ್ಟ್ ಕೊಚ್ಚಿಯ ಮನೆಯ ಮಹಡಿಯಲ್ಲಿ ಕೂತು ಒಂದು ಇಂಗ್ಲಿಷ್ ತ್ರೈಮಾಸಿಕ ಹೊರಡಿಸುತ್ತಾರೆ. ಅದು ಹವ್ಯಾಸಕ್ಕೆ ಹಾಯಿದೋಣಿ ನಡೆಸುವವರ ಪತ್ರಿಕೆ. ತುಂಬ ಹಗ್ಗ, ಬಣ್ಣ, ಹಾಯಿಬಟ್ಟೆ, ಕಪ್ಪು ಕನ್ನಡಕದ ಜಾಹೀರಾತು. ಒಮ್ಮೆ ತಿರುವನಂತಪುರದ ಕನ್ನಡ ಸಂಘದ ಊಟದಲ್ಲಿ ನಾನು ಮಾಡಿದ ಹುಳಿ ಉಂಡು, "ಒಂದೇ ಪಾತ್ರೆಯಲ್ಲಿ ಆಗುವ ಅಡಿಗೆ ಬರೆದು ಕೊಡಿ ಅಕ್ಕ" ಎಂದು ಹಿಂದೆ ಬಿದ್ದವರು. ಅಂದಿನಿಂದ ಪ್ರತಿ ಸಂಚಿಕೆಯ ಕೊನೆಯ ಕಡೆ ನನ್ನದೊಂದು ಪುಟ. ತಿರುವನಂತಪುರದ ಪಟ್ಟಂ ಬಡಾವಣೆಯಲ್ಲಿ ನಾಲ್ಕನೇ ಮಹಡಿಯ ಫ್ಲಾಟಿನ ಅಡಿಗೆಕೋಣೆಯಲ್ಲಿ ಮಾಡಿ ನೋಡುತ್ತೇನೆ, ಬರೆಯುತ್ತೇನೆ, ಮಗಳು ಇಂಗ್ಲಿಷ್ ತಿದ್ದುತ್ತಾಳೆ. ದೋಣಿ ಹತ್ತಿದವಳಲ್ಲ. ಈಜು ಬರುವುದಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈ ಸಲದ ಮುಖಪುಟ ಲೇಖನ ಟೀಚರ್ ಬಗ್ಗೆ. ಅವರು ಫೋರ್ಟ್ ಕೊಚ್ಚಿಯವರು, ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಮಲಯಾಳಿ ಹೆಂಗಸು. ಲಕ್ಷದ್ವೀಪವನ್ನು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದ ಚುಕ್ಕಿ ಇಟ್ಟು ತೋರಿಸಿದವರು, ಬಂದರಿನ ಬಾಯಿ ದಾಟಿ ಆಚೆ ಹೋದವರಲ್ಲ. ಅವರ ಅಣ್ಣನಿಗೆ ಸ್ವಂತ ಹಾಯಿದೋಣಿ ಇದೆ. ಹುಣ್ಣಿಮೆಯ ಹೊತ್ತಿಗೆ ಅಣ್ಣ, ಅಣ್ಣನ ಗೆಳೆಯ, ಟೀಚರ್ ಮೂವರೂ ದ್ವೀಪಕ್ಕೆ ಹೊರಡುವುದೆಂದು ನಿಶ್ಚಯವಾಗಿತ್ತು. ಪರವಾನಗಿಯೂ ಬಂದಿತ್ತು. ಹಾಯಿ ಹಿಡಿಯುವುದು ಗಂಡಸರು, ಅಡಿಗೆ ಟೀಚರ್. ನನ್ನ ಪುಟದ ಪ್ರೂಫನ್ನು ಸಂಪಾದಕರು ಅವರಿಗೆ ಕೊಟ್ಟಿದ್ದರು, ಮಾಡಿ ನೋಡಲಿ, ಫೋಟೋನೂ ಆಯ್ತು ಎಂದು. ಹಾಯಿ ಬಿಡಿಸಿ ಒಂದು ಸುತ್ತು ಹೋದ ಆ ದಿನವೇ ಕೈ ಸುಟ್ಟಿದ್ದು.

"ಹೇಗೆ ಸುಟ್ಟಿತು?" ಕೇಳಿದೆ.

"ಅನ್ನ ಬಸಿಯುವಾಗ. ದೋಣಿ ಈ ಮಗ್ಗುಲಿಂದ ಆ ಮಗ್ಗುಲಿಗೆ ವಾಲಿತು. ಕುದಿಯುವ ಅನ್ನದ ತಿಳಿ ಮುಂಗೈಗೆ ಬಂತು. ಎಡಗೈ."

ಎಡಗೈ. ಮುಖಕ್ಕೆ ಹಾರಲಿಲ್ಲ, ಕಣ್ಣಿಗೆ ಬೀಳಲಿಲ್ಲ. ಗಣಪತಿಗೆ ಮನಸ್ಸಿನಲ್ಲೇ ಕೈ ಮುಗಿದೆ.

"ಈಗ ಅವರಣ್ಣ, ನೀನು ಮನೆಯಲ್ಲಿರು, ನಾವು ಬ್ರೆಡ್ಡು ತಿಂದು ಹೋಗ್ತೇವೆ ಅಂತ ಕೂತಿದ್ದಾನೆ. ಟೀಚರ್ ಕಟ್ಟಿದ ಚೀಲ ಬಿಚ್ಚಿಟ್ಟಿದ್ದಾರೆ. ನಾನು ನಿಮ್ಮ ಪುಟ ತೆಗೆದು ಕನ್ನಡಕದ ಜಾಹೀರಾತು ಹಾಕ್ತೇನೆ ಅಕ್ಕ. ನೀವು ಬೇಜಾರು ಮಾಡ್ಕೊಳ್ಬೇಡಿ."

ಫೋನು ಇಟ್ಟರು. ನಾನು ದೀಪ ತೊಳೆದೆ, ಒರೆಸಿದೆ, ಬತ್ತಿ ಹಾಕಿದೆ. ಹಚ್ಚಲು ಹೋದರೆ ಎಣ್ಣೆಯೇ ಹಾಕಿರಲಿಲ್ಲ. ದೇವರ ಮುಂದೆ ಕೂತರೂ ಕಣ್ಣ ಮುಂದೆ ಆ ಪ್ರೂಫಿನ ಸಾಲೇ. ಅಕ್ಕಿ ಬೆಂದ ಮೇಲೆ ಚೆನ್ನಾಗಿ ಬಸಿಯಿರಿ. ಅಷ್ಟೇ. ನಾನು ಬರೆದಿದ್ದೆ, ಮಗಳು ತಿದ್ದಿದ್ದಳು, ಸಂಪಾದಕರು ಓದಿದ್ದರು, ಅವರ ಹೆಂಡತಿ ಓದಿದ್ದರು, ಟೀಚರೂ ಓದಿದ್ದರು. ಯಾರ ಕಣ್ಣೂ ಅಲ್ಲಿ ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ? ಕಾಸರಗೋಡಿನಿಂದ ತಿರುವನಂತಪುರದವರೆಗೆ ನಾವೆಲ್ಲ ಕುಚ್ಚಲಕ್ಕಿ ಉಣ್ಣುವವರು. ದೊಡ್ಡ ಪಾತ್ರೆ ತುಂಬ ಎಸರಿಟ್ಟು, ಅಕ್ಕಿ ಹಾಕಿ, ಬೆಂದ ಮೇಲೆ ಬಸಿಯುವುದು ನಮಗೆ ಅಡಿಗೆಯ ವಿಧಾನವೇ ಅಲ್ಲ, ಬಾಗಿಲು ಹಾಕಿ ಚಿಲಕ ಹಾಕಿದಷ್ಟು ಸಹಜ. ಬೇರೆ ಕಡೆಯವರು ಯಾರಾದರೂ ಓದಿದ್ದರೆ, ಇಷ್ಟು ನೀರು ಯಾಕೆ, ಚೆಲ್ಲುವುದು ಯಾಕೆ ಎಂದು ಕೇಳಿಯಾದರೂ ಕೇಳುತ್ತಿದ್ದರು.

ಮಧ್ಯಾಹ್ನ ನಮ್ಮ ಮನೆಯ ಅನ್ನ ಬಸಿಯುವಾಗ ನನ್ನನ್ನೇ ನೋಡಿಕೊಂಡೆ. ಮುಚ್ಚಳ ಓರೆ ಇಟ್ಟು, ಬಟ್ಟೆ ಸುತ್ತಿ ಎರಡೂ ಕೈಯಲ್ಲಿ ಪಾತ್ರೆ ಹಿಡಿದು, ಸೊಂಟವನ್ನು ಕಟ್ಟೆಗೆ ಒರಗಿಸಿ, ಮುಖ ಹಿಂದೆ ಮಾಡಿ ಬಗ್ಗಿಸುತ್ತೇನೆ. ಎರಡು ಕೈ, ಒಂದು ಸೊಂಟ, ಒಂದು ಗಟ್ಟಿ ನೆಲ. ಕಾಲ ಕೆಳಗಿನ ನೆಲವನ್ನು ಅಡಿಗೆಯ ಸಾಮಾನುಗಳಲ್ಲಿ ಒಂದು ಎಂದು ನಾನು ಆ ದಿನದವರೆಗೆ ಎಣಿಸಿರಲಿಲ್ಲ.

ಊಟಕ್ಕೆ ಬಡಿಸಿ ಸಂಪಾದಕರಿಗೆ ಫೋನು ಮಾಡಿದೆ.

"ಪುಟ ತೆಗೀಬೇಡಿ. ಪ್ರೆಸ್ಸಿಗೆ ಹೇಳಿ ನಿಲ್ಲಿಸಿ. ನಾನು ಬರ್ತೇನೆ."

"ಎಲ್ಲಿಗೆ?"

"ಕೊಚ್ಚಿಗೆ. ದೋಣಿಯಲ್ಲಿ ಮಾಡಿ ನೋಡ್ಲಿಕ್ಕೆ."

ಅವರು ಪ್ರೆಸ್ಸಿನವರನ್ನು ಕೇಳಿ ತಿರುಗಿ ಹೇಳಿದರು. ಪುಟಗಳನ್ನು ಒಂದೊಂದಾಗಿ ಅಚ್ಚು ಮಾಡುವುದಿಲ್ಲ, ಹದಿನಾರು ಪುಟ ಒಂದೇ ದೊಡ್ಡ ಹಾಳೆಯಲ್ಲಿ ಬರುತ್ತದೆ, ಅದಕ್ಕೆ ಫಾರ್ಮ್ ಅನ್ನುತ್ತಾರೆ. ಉಳಿದ ಫಾರ್ಮ್‌ಗಳು ಅಚ್ಚಾಗಿ ಒಣಗುತ್ತಿದ್ದವು. ನನ್ನ ಪುಟ ಇರುವ ಕೊನೆಯ ಫಾರ್ಮಿಗೆ ಇನ್ನೂ ಅಚ್ಚಿನ ಪ್ಲೇಟ್ ಮಾಡಿರಲಿಲ್ಲ. ಮಂಗಳವಾರ ಮಧ್ಯಾಹ್ನದವರೆಗೆ ಕಾಯುತ್ತೇವೆ, ಆಮೇಲೆ ಮೆಷಿನ್ನಿಗೆ ಬೇರೆ ಕೆಲಸ ಇದೆ ಎಂದರಂತೆ. ಅದೂ ಒಂದು ಕೃಪೆಯೇ.

ನಮ್ಮ ಮನೆಯವರು ಕಚೇರಿಯಲ್ಲಿ ಕಾನೂನು ವಿಭಾಗದವರು, ಮನೆಯಲ್ಲೂ ಹಾಗೆಯೇ ಪ್ರಶ್ನೆ. "ಅಲ್ಲ ಮಾರಾಯ್ತಿ, ಬಾತ್‌ಟಬ್ ಕಂಡ್ರೆ ಹೆದರುವವಳು ನೀನು. ಕಡಲಿಗೆ ಹೋಗಿ ಎಂತ ಮಾಡುದು?"

"ಅನ್ನ," ಅಂದೆ.

ಮಗಳು ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತದೆ, "ಅಮ್ಮಯ್ಕ್ ವಟ್ಟಾ," ಅಂದಳು. ಅಮ್ಮನಿಗೆ ಹುಚ್ಚು ಎಂದು. ಅವಳಿಗೆ ನಮ್ಮ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಆದರೆ ಅಡಿಗೆಕೋಣೆಯ ಮೂಲೆಯಿಂದ ಚೂಡಾರಾಪ್ಪೆಟ್ಟಿ ಇಳಿಸಿಕೊಟ್ಟವಳೂ ಅವಳೇ. ಬಿಸಿ ಆರದ ಪೆಟ್ಟಿಗೆ ಎಂದು ಅದರ ಅರ್ಥ. ಕುದಿ ಬಂದ ಅಕ್ಕಿಯ ಪಾತ್ರೆಯನ್ನು ಅದರೊಳಗೆ ಇಟ್ಟು ಮುಚ್ಚಿದರೆ ಬೆಂಕಿ ಇಲ್ಲದೆ ಬೇಯುತ್ತದೆ. ಇಲ್ಲಿ ಗ್ಯಾಸ್ ಉಳಿಸಲು ಎಲ್ಲರ ಮನೆಯಲ್ಲೂ ಇರುವಂಥದು. ದೋಣಿಯಲ್ಲೂ ಗ್ಯಾಸಿನ ಚಿಂತೆ ಇದೆಯಲ್ಲ, ಉರಿಯ ಮುಂದೆ ನಿಲ್ಲುವ ಹೊತ್ತಾದರೂ ಕಡಿಮೆಯಾಗಲಿ ಎಂದುಕೊಂಡೆ.

ಭಾನುವಾರದ ಬೆಳಗಿನ ರೈಲಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಟೆ. ಎದುರಿನ ಸೀಟಿನವರು ಕೊಲ್ಲಂವರೆಗೆ ತಡೆದುಕೊಂಡು, ಕೊನೆಗೆ ಕೇಳಿಯೇ ಬಿಟ್ಟರು, ಬಿರಿಯಾನಿಯಾ ಎಂದು. ಖಾಲಿ ಪೆಟ್ಟಿಗೆ ಎಂದಾಗ ನನಗಿಂತ ಅವರಿಗೇ ಬೇಸರ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಜಪಮಾಲೆ ಹಿಡಿದರೆ ಮಣಿ ಮುಂದೆ ಹೋಗುತ್ತಿತ್ತು, ಮನಸ್ಸು ಮುಂಗೈಯ ಬೊಬ್ಬೆಯ ಹತ್ತಿರವೇ ಇತ್ತು.

ಟೀಚರ್ ನನಗಿಂತ ದೊಡ್ಡವರು, ಸಣಕಲು ಮೈ. ಎಡಗೈಗೆ ಬ್ಯಾಂಡೇಜು. ಬಾಗಿಲಲ್ಲೇ ನಾನು ಕ್ಷಮೆ ಕೇಳಲು ಬಾಯಿ ತೆರೆದೆ. "ಒಳಗೆ ಬನ್ನಿ ಚೇಚೀ, ಪೆಟ್ಟಿಗೆ ಭಾರ ಇರಬೇಕು," ಎಂದು ವಯಸ್ಸು ನೋಡದೆ ನನ್ನನ್ನೇ ಅಕ್ಕ ಮಾಡಿ ಮಲಯಾಳದಲ್ಲಿ ಹೇಳಿ ಒಂದೇ ಕೈಯಲ್ಲಿ ಅದನ್ನು ತೆಗೆದುಕೊಂಡುಬಿಟ್ಟರು. ಅಣ್ಣ ಹಾಗಲ್ಲ. ಬಿಳಿ ಮೀಸೆ, ಕಡಿಮೆ ಮಾತು.

"ಒಂದು ಸಲ," ಅಂದರು. "ಬಂದರಿನ ಬಾಯಿಯವರೆಗೆ. ಅಷ್ಟರಲ್ಲಿ ಆದರೆ ಆಯಿತು."

ಹಾಯಿದೋಣಿಯ ಅಡಿಗೆಕೋಣೆ ನಮ್ಮ ದೇವರ ಗೂಡಿಗಿಂತ ಸ್ವಲ್ಪ ದೊಡ್ಡದು. ಒಲೆ ಎರಡು ಕೀಲಿನ ಮೇಲೆ ತೊಟ್ಟಿಲಿನ ಹಾಗೆ ತೂಗುತ್ತದೆ. ದೋಣಿ ಎಷ್ಟು ವಾಲಿದರೂ ಒಲೆ ಮಟ್ಟವಾಗಿಯೇ ಇರಲಿ ಎಂದು. ಪಾತ್ರೆ ಜಾರದಂತೆ ಎರಡು ಕಡೆ ಕಬ್ಬಿಣದ ಹಿಡಿಕೆ. ಎಲ್ಲ ಸರಿ, ಒಲೆಯ ಮೇಲಿರುವವರೆಗೆ. ಪಾತ್ರೆಯನ್ನು ಕೆಳಗಿಳಿಸಿದ ಕ್ಷಣದಿಂದ ಅದು ನಮ್ಮ ಕೈಯ ಪಾಲು, ಮತ್ತು ನಮಗೆ ಕೀಲು ಇಲ್ಲ.

ಹಾಯಿ ಏರಿತು. ಗಾಳಿ ತುಂಬಿ ದೋಣಿ ಒಂದು ಮಗ್ಗುಲಿಗೆ ಮಲಗಿತು, ಎದ್ದೇಳಲೇ ಇಲ್ಲ. ಹಾಗೇ ಮಲಗಿಕೊಂಡೇ ಓಡುವುದಂತೆ ಅದು. ನಾನು ಕಂಬ ಅಪ್ಪಿಕೊಂಡು ದೇವರ ನಾಮ ಹೇಳುತ್ತ ಕುದಿ ಬರಿಸಿದೆ, ಪಾತ್ರೆಯನ್ನು ಪೆಟ್ಟಿಗೆಗೆ ಇಳಿಸಿದೆ. ಪೆಟ್ಟಿಗೆ ಜಾರಿ ಮೆಟ್ಟಿಲಿಗೆ ಬಡಿಯಿತು, ಮುಚ್ಚಳ ಹಾರಿತು. ಮತ್ತೆ ಮುಚ್ಚಿ, ಅದರ ಮೇಲೆ ನಾನೇ ಕೂತೆ. ಬಂದರಿನ ಬಾಯಿ ದಾಟುವ ಮೊದಲು ತಿರುಗಿ ಬಂದು ದಂಡೆ ಸೇರಿದಾಗ ತೆಗೆದು ನೋಡಿದರೆ ಅಕ್ಕಿ ಅರೆಬೆಂದಿತ್ತು. ಬಿಸಿಯೆಲ್ಲ ಮುಚ್ಚಳ ಹಾರಿದಾಗಲೇ ಹೋಗಿತ್ತು.

ಅಣ್ಣ ಎರಡು ಅಗುಳು ಬಾಯಿಗೆ ಹಾಕಿಕೊಂಡರು. "ಚೇಚೀ, ಇದು ಅನ್ನ ಅಲ್ಲ, ಬಾಲ್‌ಬೇರಿಂಗ್."

ಗೆಳೆಯ ನಕ್ಕರು. ನನಗೆ ವಾಂತಿ ಆಗಲಿಲ್ಲ ಎಂಬುದಷ್ಟೇ ಆ ದಿನದ ಕೃಪೆ.

"ಒಂದು ಸಲ ಅಂದಿದ್ದೆ," ಅಂತ ಅಣ್ಣ ಹಗ್ಗ ಸುತ್ತತೊಡಗಿದರು. ಟೀಚರ್ ಅಡ್ಡ ಬಂದು ನಿಂತರು.

"ಚೇಟ್ಟಾ, ನಾನು ಯಾವ ಮಗುವಿಗೂ ಒಂದೇ ಪರೀಕ್ಷೆಯಲ್ಲಿ ಸೊನ್ನೆ ಕೊಟ್ಟು ಮನೆಗೆ ಕಳಿಸಿದವಳಲ್ಲ. ನಾಳೆ ಇನ್ನೊಮ್ಮೆ."

ಅಣ್ಣ ಹಗ್ಗದಿಂದ ಕಣ್ಣು ತೆಗೆಯಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಆ ಸಂಜೆ ಟೀಚರ್ ಮನೆಯಲ್ಲಿ ಕೂತು ನಾನು ಲೆಕ್ಕ ಹಾಕುತ್ತಲೇ ಇದ್ದೆ. ಅಕ್ಕಿ ನೆನೆಸಬೇಕು, ಹೆಚ್ಚು ಹೊತ್ತು ಕುದಿಸಬೇಕು, ಪೆಟ್ಟಿಗೆಯನ್ನು ಕಟ್ಟಬೇಕು. ಎಲ್ಲ ಆಗುತ್ತದೆ. ಆದರೆ ಬೆಂದ ಮೇಲೆ? ಬಸಿಯಬೇಕಲ್ಲ. ಎಲ್ಲಿಂದ ಹೊರಟರೂ ಅಲ್ಲಿಗೇ ಬಂದು ನಿಲ್ಲುತ್ತಿದ್ದೆ. ಕೂತಲ್ಲಿಂದ ಎದ್ದು ಕಿಟಕಿಗೆ ಹೋಗುವುದು, ಕಿಟಕಿಯಿಂದ ಬಂದು ಕೂರುವುದು.

ಟೀಚರ್ ಊಟಕ್ಕೆ ಕರೆದರು. ಬಟ್ಟಲಲ್ಲಿ ಕಂಞಿ, ಅಂದರೆ ನಮ್ಮ ಗಂಜಿ, ಪಕ್ಕದಲ್ಲಿ ಬೇಯಿಸಿದ ಹೆಸರುಕಾಳು, ಸುಟ್ಟ ಹಪ್ಪಳ.

"ಅತಿಥಿಗೆ ಕಂಞಿ ಹಾಕಬಾರದು," ಎನ್ನುವಾಗ ಅವರ ಮುಖ ಸಣ್ಣದಾಗಿತ್ತು. "ಒಂದು ಕೈಯಲ್ಲಿ ಅನ್ನ ಬಸಿಯಲಿಕ್ಕೆ ಆಗಲ್ಲ ಚೇಚೀ. ಅದಕ್ಕೆ ಹೀಗೇ ನೀರಲ್ಲೇ ಬಿಟ್ಟೆ."

ನಾನು ಬಟ್ಟಲು ನೋಡಿದೆ, ಅವರ ಬ್ಯಾಂಡೇಜು ನೋಡಿದೆ.

"ಟೀಚರೇ, ನೀವು ಇದನ್ನು ಬಸಿಯಲೇ ಇಲ್ಲ."

"ಅದನ್ನೇ ಹೇಳಿದ್ದಲ್ಲವಾ? ತಪ್ಪು ತಿಳಿಯಬೇಡಿ."

ನನಗೆ ನಗು ಬಂತು, ಅಳುವೂ ಬಂತು. ನಮ್ಮ ಮನೆಯಲ್ಲಿ ರಾತ್ರಿ ವಾರಕ್ಕೆ ನಾಲ್ಕು ದಿನ ಗಂಜಿಯೇ. ಆದರೆ ಆ ಹೊಳೆಯುವ ಕಾಗದದ ಪತ್ರಿಕೆಗೆ, ಕಪ್ಪು ಕನ್ನಡಕದವರ ಪಕ್ಕದ ಪುಟಕ್ಕೆ, ಗಂಜಿ ಬರೆಯುವುದು ನನಗೆ ಹೊಳೆದೇ ಇರಲಿಲ್ಲ. ಹೊಳೆದಿದ್ದರೂ ಬರೆಯುತ್ತಿರಲಿಲ್ಲ. ನೆಂಟರು ಬಂದರೆ ಬಚ್ಚಿಡುವ ಊಟ ಅದು. ಕಡಲಿಗೆ ಅದೇ ಬೇಕು. ಬಸಿಯುವುದಿಲ್ಲ, ನೀರು ಚೆಲ್ಲುವುದಿಲ್ಲ, ಉಪ್ಪೂ ನೀರೂ ಎರಡೂ ಹೊಟ್ಟೆಗೆ ಹೋಗುತ್ತವೆ. ಊಟ ಅಲ್ಲೇ ಬಿಟ್ಟು ಸಂಪಾದಕರಿಗೆ ಫೋನು ಮಾಡಿದೆ.

"ಗಂಜಿಯಾ?" ಅವರ ದನಿ ಇಳಿಯಿತು. "ಅಕ್ಕ, ಓದುವವರು ನಗ್ತಾರೆ. ಕಾಯಿಲೆಯವರ ಪತ್ರಿಕೆ ಅಂತಾರೆ."

"ನಗಲಿ. ಕೈ ಸುಟ್ಕೊಂಡು ಯಾರೂ ನಗ್ಲಿಕ್ಕಿಲ್ಲ. ಗಂಜಿ ಹಾಕುದಾದ್ರೆ ನನ್ನ ಪುಟ ಹಾಕಿ. ಇಲ್ಲದಿದ್ರೆ ಕನ್ನಡಕ ಹಾಕಿ."

ಅಷ್ಟು ಗಟ್ಟಿಯಾಗಿ ನಾನು ಅವರ ಹತ್ತಿರ ಮಾತಾಡಿದ್ದು ಅದೇ ಮೊದಲು. "ನಾಳೆ ಆಗಲಿ, ನೋಡುವ," ಅಂದರು.

ಮಲಗುವ ಮೊದಲು ಅಕ್ಕಿ ನೆನೆಹಾಕಿ, ವಿಧಾನವನ್ನು ಪ್ರೂಫಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದೆ. ಬರೆಯುವಾಗ ಇನ್ನೊಂದು ವಿಷಯ ಮನಸ್ಸಿಗೆ ಬಂತು. ನಾಳೆ ನಾನು ಮಾಡಿ ತೋರಿಸಿದರೆ ಪ್ರಯೋಜನ ಏನು? ದ್ವೀಪಕ್ಕೆ ಹೋಗುವವಳು ನಾನಲ್ಲ. ಪುಟ ಓದುವವರ ಪಕ್ಕದಲ್ಲೂ ನಾನು ನಿಂತಿರುವುದಿಲ್ಲ.

ಮರುದಿನ ದೋಣಿ ಹತ್ತಿದ ಮೇಲೆ ಹೇಳಿದೆ: "ನಾನು ಏನೂ ಮುಟ್ಟುವುದಿಲ್ಲ. ಬರೆದದ್ದು ಮಾತ್ರ ಓದುತ್ತೇನೆ. ಟೀಚರ್ ಮಾಡಲಿ."

"ಒಂದು ಕೈಯಲ್ಲಿ?" ಅಣ್ಣ ಕೇಳಿದರು.

"ಒಂದು ಕೈಯಲ್ಲಿ ಆದರೆ ಎರಡು ಕೈಯಲ್ಲಿ ಆಗಿಯೇ ಆಗುತ್ತದೆ," ಟೀಚರ್ ಅಂದರು.

ದೋಣಿ ದಂಡೆಯಲ್ಲಿ ನಿಂತಿರುವಾಗಲೇ, ಕಡಲಲ್ಲಾದರೆ ಹಾಯಿ ಇಳಿಸಿಕೊಂಡು, ಕುದಿ ಬರಿಸಬೇಕು, ಓದಿದೆ. ಹಾಯಿ ಏರಿಸುವ ಮೊದಲೇ ಪಾತ್ರೆ ಪೆಟ್ಟಿಗೆ ಸೇರಬೇಕು. ಅಷ್ಟರ ಮಟ್ಟಿಗೆ ತಡೆಯಿರಲಿಲ್ಲ. ಪೆಟ್ಟಿಗೆಯನ್ನು ಎಲ್ಲಿ ಇಡುವುದು ಎಂದು ಟೀಚರ್ ನನ್ನ ಮುಖ ನೋಡಿದರು. ಬರೆದಿರಲಿಲ್ಲ. ಬಾಯಿ ತುದಿಗೆ ಬಂದದ್ದನ್ನು ನುಂಗಿ, ಹಾಳೆಯಲ್ಲಿ ಆ ಜಾಗಕ್ಕೆ ಗುರುತಾಗಿ ಪೆನ್ಸಿಲಿನಿಂದ ಒಂದು ಗುಂಡು ಸುತ್ತಿದೆ. ಅವರೇ ಅತ್ತಿತ್ತ ನೋಡಿ, ಹಾಯಿ ತುಂಬುವ ಖಾಲಿ ಚೀಲದೊಳಗೆ ಪೆಟ್ಟಿಗೆ ಇಳಿಸಿ, ಸುತ್ತ ಹಳೆಯ ಟವೆಲು ತುರುಕಿ, ಚೀಲದ ಬಾಯಿ ಬಿಗಿದು, ದೋಣಿಯ ನಡುವೆ ನೆಲಕ್ಕೆ ಕಟ್ಟಿದರು. ಹಾಯಿ ಏರಿತು, ದೋಣಿ ಮಲಗಿತು. ಚೀಲ ಮಿಸುಕಲಿಲ್ಲ. ಬಂದರಿನ ಬಾಯಿಯ ಆಚೆ ಅಣ್ಣ ಬೇಕೆಂದೇ ಮತ್ತೆ ಮತ್ತೆ ದಿಕ್ಕು ಬದಲಿಸಿದರು. ಪ್ರತಿ ಸಲವೂ ನಾನು ಈ ಗೋಡೆಯಿಂದ ಆ ಗೋಡೆಗೆ ಹೋಗಿ ಬೀಳುತ್ತಿದ್ದೆ. ಈ ಸಲ ಕೃಪೆ ಒದಗಲಿಲ್ಲ, ಬಕೆಟ್ಟು ಒದಗಿತು. ಬಾಯಿ ತೊಳೆದುಕೊಂಡು ಮುಂದಿನ ಸಾಲು ಓದಿದೆ. "ಮುಚ್ಚಳ ತೆಗೆಯಿರಿ."

ಟೀಚರ್ ಕೈ ಇಟ್ಟವರು ನಿಂತುಬಿಟ್ಟರು. ಬ್ಯಾಂಡೇಜಿನ ಕೈ ತಾನಾಗಿ ಎದೆಗೆ ಹೋಯಿತು. ತೆಗೆಯುವ ಹೊತ್ತಿಗೆ ಸರಿಯಾಗಿ ದೋಣಿ ಮಗ್ಗುಲು ಬದಲಿಸಿದರೆ? ಅದನ್ನೂ ನಾನು ಬರೆದಿರಲಿಲ್ಲ. ಮತ್ತೊಂದು ಗುಂಡು ಸುತ್ತಿದೆ. ಆಗ ಟೀಚರ್ ಮೆಟ್ಟಿಲ ಕಡೆ ಮುಖ ಮಾಡಿ ತರಗತಿಯ ಗಂಟಲಲ್ಲಿ ಕೂಗಿದರು.

"ಚೇಟ್ಟಾ, ತೆಗೆಯಲಾ?"

ಮೇಲೆ ಚುಕ್ಕಾಣಿ ಹಿಡಿದವರಿಗೆ ಅದು ಹೊಸದು. ಅಡಿಗೆಕೋಣೆಯಿಂದ ಯಾರೂ ಅವರ ಅಪ್ಪಣೆ ಕೇಳಿದ್ದಿಲ್ಲ, ಅವರು ದೋಣಿ ತಿರುಗಿಸುವ ಮೊದಲು ಅಡಿಗೆಕೋಣೆಗೆ ಹೇಳಿದ್ದೂ ಇಲ್ಲ. ಮೊದಲ ದಿನ ಕೈ ಸುಟ್ಟದ್ದು ಹಾಗೆಯೇ ಅಲ್ಲವೇ? ಮೇಲಿನಿಂದ ಉತ್ತರ ಬಂತು.

"ತಡಿ. ನೇರ ಮಾಡ್ತೇನೆ... ಹ್ಞಾಂ, ತೆಗಿ."

ಹಬೆ ಎದ್ದಿತು. ಅಗುಳು ಹೂವಿನ ಹಾಗೆ ಒಡೆದಿತ್ತು. ಟೀಚರ್ ಪಾತ್ರೆ ಎತ್ತಲಿಲ್ಲ, ಬಗ್ಗಿಸಲಿಲ್ಲ. ಚೀಲದಲ್ಲೇ ಇಟ್ಟು ಉದ್ದ ಹಿಡಿಕೆಯ ಸೌಟಿನಿಂದ ಸ್ಟೀಲ್ ಮಗ್ಗುಗಳಿಗೆ ಅರ್ಧರ್ಧ ಹಾಕಿದರು. ಮೇಲಿನಿಂದ ನನ್ನ ಮನೆಯ ಉಪ್ಪಿನಕಾಯಿ. ಅಣ್ಣ ಒಂದು ಕೈಯಲ್ಲಿ ಚುಕ್ಕಾಣಿ, ಒಂದು ಕೈಯಲ್ಲಿ ಮಗ್ಗು ಹಿಡಿದು ಗಾಳಿಗೆ ಬೆನ್ನು ಕೊಟ್ಟು ಕುಡಿದರು. ಚೆನ್ನಾಗಿದೆ ಎನ್ನಲಿಲ್ಲ. ಖಾಲಿ ಮಗ್ಗನ್ನು ತಂಗಿಯ ಮುಂದೆ ಚಾಚಿದರು.

"ಬ್ರೆಡ್ಡು ತರಲಾ?" ಟೀಚರ್ ಕೇಳಿದರು.

"ಸುಮ್ಮನೆ ಹಾಕು."

ಸಂಜೆ ಸಂಪಾದಕರ ಮಹಡಿಯಲ್ಲಿ ಕೂತು ಪುಟ ಹೊಸದಾಗಿ ಬರೆದೆವು. ನಾನು ಹೇಳಿದೆ, ಮಗಳು ಫೋನಿನಲ್ಲಿ ಇಂಗ್ಲಿಷ್ ಮಾಡಿದಳು. ರೈಸ್ ಸೂಪ್ ಎಂದು ಹೆಸರಿಡುವ ಎಂದರು ಸಂಪಾದಕರು. ಗಂಜಿ ಎಂದೇ ಇರಲಿ ಎಂದೆ. ಗುಂಡು ಸುತ್ತಿದ ಕಡೆಯೆಲ್ಲ ಸಾಲು ಸೇರಿತು. ಪೆಟ್ಟಿಗೆಯನ್ನು ದೋಣಿಯ ನಡುವೆ ಕಟ್ಟಿ. ಮುಚ್ಚಳ ತೆಗೆಯುವ ಮೊದಲು ಚುಕ್ಕಾಣಿ ಹಿಡಿದವರನ್ನು ಕೂಗಿ ಕೇಳಿ. ಉತ್ತರ ಬರುವವರೆಗೆ ತೆಗೆಯಬೇಡಿ. ಉಪ್ಪಿಗೆ ಕಡಲ ನೀರನ್ನೇ ಬೆರೆಸಬಹುದು ಎಂದು ಸಂಪಾದಕರು ಒಂದು ಸಾಲು ಸೇರಿಸಿದರು. ನಾನು ಮಾಡಿ ನೋಡಿಲ್ಲ ಎಂದೆ. ಹಡಗಿನವರ ಅನುಭವ ಅಕ್ಕ, ನಂಬಿ ಎಂದರು. ಪೆಟ್ಟಿಗೆಯನ್ನು ಟೀಚರ್ ಹತ್ತಿರ ಬಿಟ್ಟು ಮಂಗಳವಾರ ಊರಿಗೆ ಮರಳಿದೆ. ಮಧ್ಯಾಹ್ನಕ್ಕೆ ಮುಂಚೆ ಪುಟ ಪ್ರೆಸ್ಸು ಮುಟ್ಟಿತ್ತು.

ಹುಣ್ಣಿಮೆಗೆ ಮೊದಲು ಮೂವರೂ ಹೊರಟರು. ಟೀಚರ್ ಬ್ಯಾಂಡೇಜು ಬಿಚ್ಚಿ, ವೈದ್ಯರಿಗೆ ತೋರಿಸಿ, ಹೋಗಬಹುದು ಎಂದು ಹೇಳಿಸಿಕೊಂಡೇ ಹತ್ತಿದರಂತೆ. ದಂಡೆ ಬಿಟ್ಟ ಮೇಲೆ ಫೋನು ಸಿಗುವುದಿಲ್ಲ. ಆ ದಿನಗಳನ್ನು ನಾನು ಹೇಗೆ ಕಳೆದೆ ಎಂದು ನನಗೇ ಗೊತ್ತು. ಬಾಲ್ಕನಿಗೆ ಹೋಗಿ ಎದುರಿನ ತೆಂಗಿನ ಗರಿ ಅಲುಗುತ್ತದಾ ಎಂದು ನೋಡುವುದು. ಅಲುಗಿದರೆ ಹೆದರಿಕೆ.

"ಗಾಳಿ ಇದ್ದರೇ ಅಲ್ವಾ ಹಾಯಿದೋಣಿ ಹೋಗುದು?" ಅಂದರು ಇವರು. "ನೀನು ಅದನ್ನು ನಿಲ್ಲಿಸ್ಲಿಕ್ಕೆ ಹರಕೆ ಹೇಳ್ಬೇಡ."

ಅದು ಸರಿಯೇ. ಆಮೇಲೆ ಗರಿ ನಿಂತರೆ ಹೆದರಿಕೆಯಾಯಿತು.

ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಫೋನು ಬಂತು. ದನಿ ದೂರದಿಂದ ಬಿಟ್ಟು ಬಿಟ್ಟು ಬರುತ್ತಿತ್ತು.

"ಚೇಚೀ, ದ್ವೀಪದಿಂದ ಮಾತಾಡುತ್ತಿದ್ದೇನೆ. ನಾನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ಆ ಚುಕ್ಕಿಯ ಮೇಲೆ ನಿಂತಿದ್ದೇನೆ."

"ಕೈ?"

"ಕೈಗೆ ಏನಾಗಿದೆ? ಚೆನ್ನಾಗಿದೆ. ಆದರೆ ನಿಮ್ಮ ಪುಟದಲ್ಲಿ ಒಂದು ತಪ್ಪು ಉಂಟು. ಕಡಲ ನೀರು ಒಂದು ಸೌಟಿಗಿಂತ ಹೆಚ್ಚು ಹಾಕಬಾರದು. ಮೊದಲ ದಿನ ಉಪ್ಪೋ ಉಪ್ಪು."

"ಅಣ್ಣ ಬೈದರಾ?"

"ಅವನಾ?" ನಗು ಕೇಳಿಸಿತು. "ಈಗ ಅವನೇ ಮೇಲಿನಿಂದ ಕೂಗುತ್ತಾನೆ, ದೋಣಿ ನೇರ ಇದೆ, ಇನ್ನೂ ತೆಗೆಯಲಿಲ್ಲವಾ ಅಂತ."

ಮಾತು ಅಲ್ಲಿಗೆ ಕಡಿಯಿತು. ದೇವರ ಗೂಡಿನ ಮುಂದೆ ನಿಂತು ಕೈ ಮುಗಿದೆ. ಮುಂದಿನ ಸಂಚಿಕೆಗೆ ತಿದ್ದುಪಡಿ ಹಾಕಬೇಕೆಂದು ಸಂಪಾದಕರಿಗೆ ಮೆಸೇಜು ಕಳಿಸಿದೆ. ಒಂದು ಸೌಟು ಮಾತ್ರ.

ಅಷ್ಟರಲ್ಲಿ ಒಲೆಯ ಮೇಲಿನ ಅನ್ನ ಬೆಂದಿತ್ತು. ಪೆಟ್ಟಿಗೆ ಕಡಲಿನಲ್ಲಿದ್ದ ಕಾರಣ ಗ್ಯಾಸಿನ ಮೇಲೆಯೇ ಬೇಯಿಸಬೇಕಾಗಿತ್ತು. ಮುಚ್ಚಳ ಓರೆ ಇಟ್ಟು, ಬಟ್ಟೆ ಸುತ್ತಿ, ಎರಡೂ ಕಾಲನ್ನು ನೆಲಕ್ಕೆ ಊರಿ ನೋಡಿಕೊಂಡು, ಬಸಿಯಲು ಪಾತ್ರೆ ಎತ್ತಿದೆ.